ಸ್ಕೋರು ಪಟ್ಟಿಯಲ್ಲಿ ಕಾಣದ ಕೈಗಳು

ಟೆಸ್ಟ್ ಪಂದ್ಯದ ಮರುದಿನ ಪತ್ರಿಕೆಯ ಕ್ರೀಡಾಪುಟದಲ್ಲಿ ಸಣ್ಣ ಅಕ್ಷರಗಳಲ್ಲಿ ಸ್ಕೋರು ವಿವರ ಅಚ್ಚಾಗಿರುತ್ತದೆ. ಯಾರು ಎಷ್ಟು ರನ್ ಹೊಡೆದರು, ಯಾರು ಎಷ್ಟು ವಿಕೆಟ್ ಕಿತ್ತರು ಎಂದು ನೋಡಿ ನಾವು ಪುಟ ಮಗುಚುತ್ತೇವೆ. ಇನ್ನು ಮುಂದೆ ಒಂದು ನಿಮಿಷ ನಿಂತು, ಬ್ಯಾಟರ್‌ಗಳ ಹೆಸರೆಲ್ಲ ಮುಗಿದ ಮೇಲೆ ಬರುವ ‘ಇತರೆ’ ಎಂಬ ಸಾಲನ್ನು ನೋಡಿ. ಅಲ್ಲಿ ಬೈ, ಲೆಗ್‌ಬೈ, ವೈಡ್, ನೋಬಾಲ್ ಎಂದು ನಾಲ್ಕಾರು ಅಂಕಿಗಳಿರುತ್ತವೆ. ಇವುಗಳಲ್ಲಿ ‘ಬೈ’ ಎಂದರೆ ಚೆಂಡು ಬ್ಯಾಟಿಗೂ ತಾಗದೆ, ಬ್ಯಾಟರ್ ಮೈಗೂ ತಾಗದೆ, ವಿಕೆಟ್ ಕೀಪರನ ಕೈಯನ್ನೂ ದಾಟಿ ಹಿಂದೆ ಓಡಿದಾಗ ಸಿಕ್ಕ ರನ್. ಅದು ಬೌಲರ್ ಲೆಕ್ಕಕ್ಕೆ ಸೇರುವುದಿಲ್ಲ. ಹೆಸರು ಬರೆಯದಿದ್ದರೂ ಅದು ಯಾರ ಖಾತೆಗೆ ಖರ್ಚು ಎಂದು ಎಲ್ಲರಿಗೂ ಗೊತ್ತು.

ಈಗ ನನ್ನ ಪ್ರಶ್ನೆ. ಬಿಟ್ಟ ಬೈಗೆ ಕಾಲಂ ಇದೆ. ಬಿಡದೆ ಹಿಡಿದ ಚೆಂಡಿಗೆ ಕಾಲಂ ಎಲ್ಲಿದೆ? ದಿನವಿಡೀ ನಾನೂರು ಚೆಂಡು ಸರಿಯಾಗಿ ಹಿಡಿದು, ಒಂದನ್ನು ಬಿಟ್ಟರೆ ಆ ಒಂದು ಮಾತ್ರ ಪತ್ರಿಕೆಯಲ್ಲಿ ಬರುತ್ತದೆ. ಇಂಥ ಕೆಲಸಕ್ಕೆಂದೇ ಒಬ್ಬ ಪರಿಣತನನ್ನು ತಂಡದಲ್ಲಿ ಇಟ್ಟುಕೊಳ್ಳಬೇಕೇ? ಅಥವಾ ಬೇರೆ ಕೆಲಸವನ್ನೂ ಮಾಡುವವನ ಕೈಗೆ ಗ್ಲೌಸ್ ಕೊಟ್ಟು ಹೊಂದಿಸಿಕೊಂಡರೆ ಸಾಕೇ?

ಈ ಪ್ರಶ್ನೆ ನಮ್ಮ ಕ್ರಿಕೆಟ್ಟಿಗೆ ಮಾತ್ರ ಸೇರಿದ್ದಲ್ಲ. ಇದಕ್ಕೆ ಅತ್ಯಂತ ಖಡಾಖಂಡಿತ ಉತ್ತರ ಕೊಟ್ಟುಕೊಂಡವರು ಅಮೆರಿಕದವರು. ಮೊದಲು ಅಲ್ಲಿಗೆ ಹೋಗಿ ಬರೋಣ.

ಬಗ್ಗಿ ಹಿಂದಕ್ಕೆ ಎಸೆಯುವವನು

ಅಮೆರಿಕನ್ ಫುಟ್‌ಬಾಲ್ ಎಂದರೆ ನಾವು ಕಾಲಿನಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ. ಹೆಲ್ಮೆಟ್ ತೊಟ್ಟ, ಭುಜಕ್ಕೆ ದಪ್ಪ ಕವಚ ಕಟ್ಟಿದ ದೈತ್ಯರು ಮೊಟ್ಟೆಯಾಕಾರದ ಚೆಂಡನ್ನು ಹಿಡಿದು ನುಗ್ಗುವ ಆಟ. ಅದರಲ್ಲಿ ಆಗೊಮ್ಮೆ ಈಗೊಮ್ಮೆ ಚೆಂಡನ್ನು ಕಾಲಿನಿಂದ ಒದೆಯುವ ಸಂದರ್ಭ ಬರುತ್ತದೆ. ಎರಡು ಕಂಬಗಳ ನಡುವೆ ಒದ್ದು ಅಂಕ ಗಳಿಸುವುದು ಒಂದು ಬಗೆ. ಎದುರಾಳಿಯನ್ನು ದೂರ ತಳ್ಳಲು ಎತ್ತರಕ್ಕೆ ಒದೆಯುವುದು ಇನ್ನೊಂದು ಬಗೆ. ಎರಡಕ್ಕೂ ಮೊದಲು ಒಬ್ಬ ಆಟಗಾರ ಬಗ್ಗಿ, ತನ್ನ ಎರಡು ಕಾಲುಗಳ ಸಂದಿಯಿಂದ ಚೆಂಡನ್ನು ಹಿಂದಕ್ಕೆ ಎಸೆಯಬೇಕು. ಅವನಿಗೆ ‘ಲಾಂಗ್ ಸ್ನ್ಯಾಪರ್’ ಎಂದು ಹೆಸರು.

ಮೊದಲ ಬಗೆಯಲ್ಲಿ ಏಳೆಂಟು ಗಜ ಹಿಂದೆ ಒಬ್ಬ ಮಂಡಿಯೂರಿ ಕುಳಿತಿರುತ್ತಾನೆ. ಅವನು ಚೆಂಡು ಹಿಡಿದು ನೆಲಕ್ಕೆ ನಿಲ್ಲಿಸಬೇಕು, ಮೂರನೆಯವನು ಓಡಿ ಬಂದು ಒದೆಯಬೇಕು. ಎಸೆತದಿಂದ ಒದೆತದವರೆಗೆ ಎಲ್ಲ ಸೇರಿ ಸುಮಾರು 1.3 ಸೆಕೆಂಡು. ‘ಒಂದು, ಎರಡು’ ಎಂದು ಎಣಿಸುವುದರೊಳಗೆ ಮುಗಿಯಿತು. ಎರಡನೆಯ ಬಗೆಯಲ್ಲಿ ಸುಮಾರು 15 ಗಜ ದೂರಕ್ಕೆ, ಅಂದರೆ 45 ಅಡಿ ದೂರಕ್ಕೆ, ಒದೆಯುವವನ ಕೈಗೇ ಚೆಂಡು ಹೋಗಬೇಕು. ಎಸೆದು ಮುಗಿಸುವಷ್ಟರಲ್ಲಿ ಎದುರಿನ ದೈತ್ಯ ಬಂದು ಗುದ್ದುತ್ತಾನೆ, ಅದನ್ನೂ ತಡೆದುಕೊಳ್ಳಬೇಕು.

ಒಂದು ಪಂದ್ಯದಲ್ಲಿ ಈ ಮನುಷ್ಯನಿಗೆ ಕೆಲಸ ಬರುವುದು ಸುಮಾರು ಹತ್ತು ಸಲ. ಉಳಿದ ಹೊತ್ತು ಅಂಚಿನಲ್ಲಿ ನಿಂತಿರುತ್ತಾನೆ. ಆದರೂ ಅಲ್ಲಿನ ವೃತ್ತಿಪರ ತಂಡಗಳು 53 ಜನರ ಪಟ್ಟಿಯಲ್ಲಿ ಒಂದು ಜಾಗವನ್ನು ಇವನಿಗೇ ಮೀಸಲಿಟ್ಟು ಪೂರ್ತಿ ಸಂಬಳ ಕೊಡುತ್ತವೆ. ಏಕೆ ಎಂಬುದಕ್ಕೆ ಎರಡು ಘಟನೆ ಹೇಳುತ್ತೇನೆ.

2008ರ ಅಕ್ಟೋಬರ್ 26. ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡ ನ್ಯೂಯಾರ್ಕ್ ಜೈಂಟ್ಸ್ ವಿರುದ್ಧ 14–12ರಿಂದ ಮುಂದಿತ್ತು. ಆ ಪಂದ್ಯದಲ್ಲಿ ಅವರ ಲಾಂಗ್ ಸ್ನ್ಯಾಪರ್ ಗ್ರೆಗ್ ವಾರೆನ್ ಮಂಡಿಗೆ ಪೆಟ್ಟಾಗಿ ಹೊರಗೆ ಹೋದರು. ‘ಬಗ್ಗಿ ಎಸೆಯುವುದು ತಾನೇ’ ಎಂದು ಜೇಮ್ಸ್ ಹ್ಯಾರಿಸನ್ ನಿಂತರು. ಹ್ಯಾರಿಸನ್ ಸಾಮಾನ್ಯರಲ್ಲ. ಆ ಋತುವಿನಲ್ಲಿ ಇಡೀ ದೇಶದ ಅತ್ಯುತ್ತಮ ರಕ್ಷಣಾ ಆಟಗಾರ ಎಂಬ ಪ್ರಶಸ್ತಿ ಪಡೆದವರು. ಅವರು ಎಸೆದ ಚೆಂಡು ಒದೆಯುವವನ ತಲೆಯ ಮೇಲಿಂದ ಹಾರಿ ಗಡಿಯಾಚೆ ಹೋಯಿತು. ಎದುರಾಳಿಗೆ 2 ಅಂಕ ಸಿಕ್ಕಿ ಸ್ಕೋರು ಸಮವಾಯಿತು. ಕೊನೆಗೆ ಜೈಂಟ್ಸ್ 21–14ರಿಂದ ಗೆದ್ದಿತು. ದೇಶಕ್ಕೇ ದೊಡ್ಡವನೆನಿಸಿದ ಆಟಗಾರನಿಗೆ ಆ ‘ಸಣ್ಣ’ ಕೆಲಸ ಬರಲಿಲ್ಲ.

ಎರಡನೆಯದು ಮನಸ್ಸಿಗೆ ಬೇಸರ ತರುವಂಥದ್ದು. ಟ್ರೇ ಜಂಕಿನ್ ಎಂಬವರು 19 ಋತುಗಳ ಕಾಲ ಆಡಿದವರು. ಅಲ್ಲಿನ ಜನಕ್ಕೆ ಅವರ ಹೆಸರು ಅಷ್ಟಾಗಿ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದರೆ ಕೆಲಸ ಸರಿಯಾಗಿ ನಡೆದಿತ್ತು ಎಂದೇ ಅರ್ಥ. ನಿವೃತ್ತರಾಗಿ ಮನೆಯಲ್ಲಿದ್ದ ಅವರನ್ನು 41ನೇ ವಯಸ್ಸಿನಲ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡ ತುರ್ತಾಗಿ ಕರೆಸಿಕೊಂಡಿತು. 2003ರ ಜನವರಿ 5ರಂದು ಸ್ಯಾನ್‌ಫ್ರಾನ್ಸಿಸ್ಕೊ ವಿರುದ್ಧ ಪಂದ್ಯ. 38–14ರಿಂದ ಮುಂದಿದ್ದ ಜೈಂಟ್ಸ್ ಕುಸಿದು 38–39ಕ್ಕೆ ಬಂದು ನಿಂತಿತು. ಕೊನೆಯ ಕ್ಷಣಗಳಲ್ಲಿ ಒಂದು ಒದೆತ ಸರಿಯಾಗಿ ಬಿದ್ದರೆ ಗೆಲುವು. ಜಂಕಿನ್ ಎಸೆದ ಚೆಂಡು ಕೆಳಕ್ಕೆ, ಪಕ್ಕಕ್ಕೆ ಹೋಯಿತು. ಒದೆಯಲು ಆಗಲೇ ಇಲ್ಲ. ಆ ಕೊನೆಯ ಗಳಿಗೆಯಲ್ಲಿ ತೀರ್ಪುಗಾರರೂ ಎಡವಿದ್ದರು, ಒದೆತಕ್ಕೆ ಇನ್ನೊಂದು ಅವಕಾಶ ಸಿಗಬೇಕಿತ್ತು ಎಂದು ಲೀಗಿನವರು ಮರುದಿನ ಒಪ್ಪಿಕೊಂಡರು. ಆದರೆ ಜನ ನೆನಪಿಟ್ಟುಕೊಂಡದ್ದು ಜಂಕಿನ್ ಹೆಸರನ್ನು. ಪತ್ರಕರ್ತರೆದುರು ನಿಂತು ಅವರು ಹೊಣೆಯನ್ನೆಲ್ಲ ತಾವೇ ಹೊತ್ತುಕೊಂಡರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ನಮ್ಮ ಗಾದೆಗೆ ಇದಕ್ಕಿಂತ ಸರಿಯಾದ ಉದಾಹರಣೆ ಸಿಗಲಾರದು.

ನಮ್ಮ ಲಾಂಗ್ ಸ್ನ್ಯಾಪರ್ ಯಾರು?

ನಮ್ಮ ಕ್ರಿಕೆಟ್ಟಿನಲ್ಲಿ ಇಂಥ ಮನುಷ್ಯ ಸ್ಟಂಪಿನ ಹಿಂದೆ ಕುಕ್ಕರುಗಾಲಿನಲ್ಲಿ ಕೂರುವವನು. ಟೆಸ್ಟ್ ಪಂದ್ಯದ ಒಂದು ದಿನಕ್ಕೆ 90 ಓವರ್. ಪೂರ್ತಿ ದಿನ ಫೀಲ್ಡಿಂಗ್ ಬಂದರೆ 540 ಚೆಂಡು. ಪ್ರತಿ ಚೆಂಡಿಗೂ ಒಮ್ಮೆ ಕೂರಬೇಕು, ಒಮ್ಮೆ ಏಳಬೇಕು. ಮನೆಯಲ್ಲಿ ಐವತ್ತು ಸಲ ಕೂತು ಎದ್ದು ನೋಡಿ, ಆಮೇಲೆ ಈ ಲೇಖನ ಮುಂದುವರಿಸಿ!

ಬರೀ ಕೂತೇಳುವುದಾಗಿದ್ದರೆ ಅದು ವ್ಯಾಯಾಮವಾಗುತ್ತಿತ್ತು, ಅಷ್ಟೆ. ವೇಗದ ಬೌಲರ್‌ಗೆ ಕೀಪರ್ ದೂರ ನಿಲ್ಲುತ್ತಾನೆ, ಆಗ ನೋಡಲು ಸ್ವಲ್ಪ ಸಮಯ ಇರುತ್ತದೆ. ಸ್ಪಿನ್ನರ್ ಬಂದ ಕೂಡಲೇ ಸ್ಟಂಪಿಗೆ ಅಂಟಿಕೊಂಡು ನಿಲ್ಲಬೇಕು. ಮುಂದೆ ಬ್ಯಾಟರ್ ಮೈ, ಅವನ ಬೀಸುವ ಬ್ಯಾಟು, ಎರಡೂ ಸೇರಿ ಚೆಂಡನ್ನು ಮರೆಮಾಡುತ್ತವೆ. ಬ್ಯಾಟರ್ ಹೊಡೆದೇ ಹೊಡೆಯುತ್ತಾನೆ ಎಂದು ಕಾಣುವ ಚೆಂಡಿಗೂ, ಅದು ತಪ್ಪಿ ತನ್ನ ಕಡೆಗೇ ಬರುತ್ತದೆ ಎಂದುಕೊಂಡೇ ಕೈ ಒಡ್ಡಬೇಕು. ಬೆರಳು ನೆಲದ ಕಡೆಗಿರಬೇಕು, ಚೆಂಡು ಪುಟಿದಂತೆ ಮೈ ಏಳಬೇಕು. ಮೊದಲೇ ಎದ್ದುಬಿಟ್ಟರೆ ಕೆಳಗೆ ನುಸುಳಿ ಬೈ. ತಡವಾಗಿ ಎದ್ದರೆ ಬೆರಳಿನ ಗಂಟು ಒಡೆಯಿತು.

ಈ ಕೆಲಸ ಎಲ್ಲರಿಗೂ ಬರುವುದಲ್ಲ ಎಂದು ಕ್ರಿಕೆಟ್ ನಿಯಮಾವಳಿಯೇ ಈಗ ಒಪ್ಪಿದೆ. ಹಿಂದೆ ಬದಲಿ ಆಟಗಾರ ಫೀಲ್ಡಿಂಗ್ ಮಾಡಬಹುದಿತ್ತು, ನಿಯಮದ ಪ್ರಕಾರ ಕೀಪಿಂಗ್ ಮಾಡುವಂತಿರಲಿಲ್ಲ. 2017ರ ಹೊಸ ನಿಯಮಾವಳಿಯಲ್ಲಿ ಅಂಪೈರ್ ಒಪ್ಪಿದರೆ ಬದಲಿ ಆಟಗಾರನೂ ಕೀಪಿಂಗ್ ಮಾಡಬಹುದೆಂದಾಯಿತು. 2025ರ ಜುಲೈನಲ್ಲಿ ಲಾರ್ಡ್ಸ್ ಟೆಸ್ಟಿನಲ್ಲಿ ರಿಷಭ್ ಪಂತ್ ಬೆರಳಿಗೆ ಪೆಟ್ಟಾದಾಗ ಧ್ರುವ ಜುರೆಲ್ ಗ್ಲೌಸ್ ತೊಟ್ಟದ್ದು ಈ ನಿಯಮದಿಂದಲೇ. ಆ ಪಂದ್ಯವನ್ನು ಭಾರತ 22 ರನ್ನುಗಳಿಂದ ಸೋತಿತು. ಎರಡು ಇನಿಂಗ್ಸ್ ಸೇರಿ ಭಾರತ ಬಿಟ್ಟುಕೊಟ್ಟ ಬೈ ರನ್ ಆ ಅಂತರಕ್ಕಿಂತ ಹೆಚ್ಚು. ಜುರೆಲ್ ಕೂಡ ಪಳಗಿದ ಕೀಪರೇ. ಲಾರ್ಡ್ಸಿನಲ್ಲಿ ಚೆಂಡು ಸ್ಟಂಪ್ ದಾಟಿದ ಮೇಲೂ ಓಲಾಡುತ್ತದೆ, ಹಲವು ಚೆಂಡು ಯಾರಿಗೂ ಸಿಗುವಂತಿರಲಿಲ್ಲ. ಹಾಗಾಗಿ ತಪ್ಪು ಹೊರಿಸುವುದು ಬೇಡ. ‘ಇತರೆ’ ಎಂಬ ಸಾಲು ಎಷ್ಟು ದುಬಾರಿಯಾಗಬಲ್ಲದು ಎಂಬುದನ್ನು ಮಾತ್ರ ಗಮನಿಸೋಣ.

ಕಾದು ಗೆದ್ದ ಕಿರ್ಮಾನಿ

ಕರ್ನಾಟಕಕ್ಕೆ ಈ ವಿಷಯದಲ್ಲಿ ದೊಡ್ಡ ಪರಂಪರೆಯೇ ಇದೆ. ಅದರಲ್ಲಿ ಮೊದಲು ಹೇಳಬೇಕಾದ ಹೆಸರು ಸೈಯದ್ ಕಿರ್ಮಾನಿ. ಹುಟ್ಟಿದ್ದು 1949ರ ಡಿಸೆಂಬರ್ 29ರಂದು ಮದ್ರಾಸಿನಲ್ಲಿ, ಆಡಿ ಬೆಳೆದದ್ದು ಬೆಂಗಳೂರಿನಲ್ಲಿ. ಹುಡುಗನಾಗಿದ್ದಾಗ ಗ್ಲೌಸ್ ಇಲ್ಲದೆ ಇಟ್ಟಿಗೆ ಹಿಡಿದು ಚೆಂಡು ತಡೆಯುತ್ತಿದ್ದೆ ಎಂದು ಅವರೇ ಹೇಳಿಕೊಂಡಿದ್ದಾರೆ.

ಕರ್ನಾಟಕ ತಂಡದಲ್ಲಿ ಅವರು ಕೀಪಿಂಗ್ ಮಾಡಬೇಕಾಗಿದ್ದುದು ಎರಾಪಳ್ಳಿ ಪ್ರಸನ್ನ ಮತ್ತು ಬಿ.ಎಸ್. ಚಂದ್ರಶೇಖರ್ ಅವರಿಗೆ. ಪ್ರಸನ್ನರ ಚೆಂಡು ಗಾಳಿಯಲ್ಲಿ ತೇಲಿ ಮೋಸ ಮಾಡುತ್ತಿತ್ತು. ಚಂದ್ರಶೇಖರ್ ಅವರದ್ದು ಇನ್ನೂ ಕಷ್ಟ. ಪೋಲಿಯೊದಿಂದ ಸೊರಗಿದ ಬಲಗೈಯಿಂದ ಮಧ್ಯಮ ವೇಗದ ಬೌಲರ್‌ನಷ್ಟು ರಭಸವಾಗಿ ಲೆಗ್‌ಸ್ಪಿನ್, ಗೂಗ್ಲಿ ಬರುತ್ತಿದ್ದವು. ಯಾವ ಚೆಂಡು ಯಾವ ಕಡೆ ತಿರುಗುತ್ತದೆಂದು ತಮಗೇ ಖಚಿತವಿಲ್ಲ ಎಂದು ಚಂದ್ರಶೇಖರ್ ಹೇಳುತ್ತಿದ್ದರಂತೆ. ಬೌಲರ್‌ಗೇ ಗೊತ್ತಿಲ್ಲದ ಚೆಂಡನ್ನು ಕೀಪರ್ ಹಿಡಿಯಬೇಕು! 1973–74ರಲ್ಲಿ ಕರ್ನಾಟಕ ಸೆಮಿಫೈನಲ್‌ನಲ್ಲಿ ಮುಂಬೈಯನ್ನು ಮಣಿಸಿ, ಅದರ ಹದಿನೈದು ವರ್ಷಗಳ ಸತತ ರಣಜಿ ಪಟ್ಟಾಭಿಷೇಕಕ್ಕೆ ತೆರೆ ಎಳೆದು, ಮೊದಲ ಬಾರಿ ರಣಜಿ ಟ್ರೋಫಿ ಗೆದ್ದಿತು. ಆ ಗೆಲುವಿನ ಕಥೆಯಲ್ಲಿ ನಾವು ವಿಶ್ವನಾಥ್, ಪ್ರಸನ್ನ, ಚಂದ್ರಶೇಖರ್ ಹೆಸರುಗಳನ್ನು ಹೇಳುತ್ತೇವೆ. ಅಂಥ ಸ್ಪಿನ್ನಿಗೆ ಬೆನ್ನಾಗಿ ನಿಲ್ಲುವ ಗ್ಲೌಸ್‌ಗಳ ನೆನಪು ಆಮೇಲೆ ಬರುತ್ತದೆ.

ಭಾರತ ತಂಡದಲ್ಲಿ ಕಿರ್ಮಾನಿ ಬಹಳ ಕಾಲ ಕಾಯಬೇಕಾಯಿತು. 1971ರ ಇಂಗ್ಲೆಂಡ್ ಪ್ರವಾಸಕ್ಕೇ ಆಯ್ಕೆಯಾಗಿದ್ದರು. ಆದರೆ ಫರೂಕ್ ಇಂಜಿನಿಯರ್ ಇದ್ದರಲ್ಲ! ಕಾಯ್ದಿರಿಸಿದ ಆಟಗಾರನಾಗಿ ಅಂಚಿನಲ್ಲಿ ಕೂತರು. 1974ರಲ್ಲೂ ಅದೇ. ಕೊನೆಗೆ 1976ರ ಜನವರಿಯಲ್ಲಿ ಆಕ್ಲೆಂಡಿನಲ್ಲಿ ನ್ಯೂಜಿಲೆಂಡ್ ವಿರುದ್ಧ ಮೊದಲ ಟೆಸ್ಟ್ ಸಿಕ್ಕಿತು. ತಮ್ಮ ಎರಡನೇ ಟೆಸ್ಟಿನಲ್ಲೇ, ಕ್ರೈಸ್ಟ್‌ಚರ್ಚ್‌ನಲ್ಲಿ, ಒಂದೇ ಇನಿಂಗ್ಸಿನಲ್ಲಿ ಆರು ಜನರನ್ನು ಔಟ್ ಮಾಡಿ ಆಗಿನ ವಿಶ್ವದಾಖಲೆಯನ್ನು ಸರಿಗಟ್ಟಿದರು. ಐದು ವರ್ಷ ಅಂಚಿನಲ್ಲಿ ಕೂತವರ ಕೈ ಜಡ್ಡುಗಟ್ಟಿರಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಆಮೇಲೂ ದಾರಿ ಸುಗಮವಿರಲಿಲ್ಲ. 1979ರ ವಿಶ್ವಕಪ್ ಮತ್ತು ಇಂಗ್ಲೆಂಡ್ ಪ್ರವಾಸಕ್ಕೆ ಅವರನ್ನು ಕೈಬಿಟ್ಟರು. ಅದೇ ವರ್ಷ ಮರಳಿ ಬಂದ ಅವರು ಮುಂಬೈಯಲ್ಲಿ ಆಸ್ಟ್ರೇಲಿಯಾ ವಿರುದ್ಧ, ದಿನದ ಕೊನೆಗೆ ವಿಕೆಟ್ ಕಾಯಲು ಹೋದವರು ಮರುದಿನ ಶತಕ ಹೊಡೆದು 101 ರನ್ನಿಗೆ ಅಜೇಯರಾಗಿ ಉಳಿದರು. ಹಾಗೆಂದು ಅವರನ್ನು ತಂಡಕ್ಕೆ ಆರಿಸಿದ್ದು ಬ್ಯಾಟಿಗಾಗಿ ಅಲ್ಲ. 1981–82ರಲ್ಲಿ ಇಂಗ್ಲೆಂಡ್ ಇಲ್ಲಿಗೆ ಬಂದಾಗ ಸತತ ಮೂರು ಟೆಸ್ಟ್‌ಗಳಲ್ಲಿ ಅವರು ಒಂದೇ ಒಂದು ಬೈ ಬಿಡಲಿಲ್ಲ. ಸ್ಕೋರು ಪಟ್ಟಿಯಲ್ಲಿ ಆ ಸಾಧನೆ ಹೇಗೆ ಕಾಣುತ್ತದೆ ಗೊತ್ತೇ? ಕಾಣುವುದೇ ಇಲ್ಲ. ‘ಬೈ’ ಎಂಬ ಶಬ್ದವೇ ಅಲ್ಲಿರುವುದಿಲ್ಲ.

1983ರ ವಿಶ್ವಕಪ್ ಬಂತು. ಲೆಸ್ಟರ್‌ನಲ್ಲಿ ಜಿಂಬಾಬ್ವೆ ವಿರುದ್ಧ ಕಿರ್ಮಾನಿ ಐದು ಕ್ಯಾಚ್ ಹಿಡಿದರು. ಟನ್‌ಬ್ರಿಜ್ ವೆಲ್ಸ್‌ನಲ್ಲಿ ಅದೇ ಜಿಂಬಾಬ್ವೆ ಎದುರು ಭಾರತ 17 ರನ್ನಿಗೆ 5 ವಿಕೆಟ್ ಕಳೆದುಕೊಂಡಿತ್ತು. ಕಪಿಲ್ ದೇವ್ ಅವರ ಅಜೇಯ 175 ಎಲ್ಲರಿಗೂ ಬಾಯಿಪಾಠ. ಇನ್ನೊಂದು ತುದಿಯಲ್ಲಿ ನಿಂತು 24 ರನ್ ಮಾಡಿ, ಮುರಿಯದ ಒಂಬತ್ತನೇ ವಿಕೆಟ್ಟಿಗೆ 126 ರನ್ ಸೇರಿಸಲು ಜೊತೆ ಕೊಟ್ಟವರು ಕಿರ್ಮಾನಿ. ಜೂನ್ 25ರ ಫೈನಲ್ ರಾತ್ರಿ ನಮ್ಮ ಶಿರಸಿಯಲ್ಲಿ ಮಳೆ ಹನಿ ಕಡಿಯದೆ ಸುರಿಯುತ್ತಿತ್ತು. ಟಿ.ವಿ. ಎಲ್ಲಿತ್ತು? ಟ್ರಾನ್ಸಿಸ್ಟರ್ ಕಿವಿಗಂಟಿಸಿಕೊಂಡು ಕೂತಿದ್ದೆವು. ಬಲ್ವಿಂದರ್ ಸಂಧು ಚೆಂಡಿಗೆ ಬ್ಯಾಕಸ್ ಬ್ಯಾಟ್ ಚಾಚಿದರು, ಕಿರ್ಮಾನಿ ಬಲಕ್ಕೆ ಹಾರಿ ಹಿಡಿದರು. ವೆಸ್ಟ್ ಇಂಡೀಸಿನ ಆರನೇ ವಿಕೆಟ್ ಅದು. ಆ ವಿಶ್ವಕಪ್ಪಿನ ಅತ್ಯುತ್ತಮ ವಿಕೆಟ್ ಕೀಪರ್ ಎಂದು ಅವರಿಗೆ ಬೆಳ್ಳಿಯ ಗ್ಲೌಸ್ ಬಹುಮಾನ ಬಂತು. ಕೊಟ್ಟವರು ಇಂಗ್ಲೆಂಡಿನ ಹೆಸರಾಂತ ಕೀಪರ್ ಗಾಡ್‌ಫ್ರೆ ಇವಾನ್ಸ್. ಕೀಪರನ ಬೆಲೆ ಇನ್ನೊಬ್ಬ ಕೀಪರನಿಗೇ ಗೊತ್ತು!

88 ಟೆಸ್ಟ್, 160 ಕ್ಯಾಚ್, 38 ಸ್ಟಂಪಿಂಗ್. ಇವು ಕಿರ್ಮಾನಿಯವರ ಲೆಕ್ಕಕ್ಕೆ ಸಿಕ್ಕ ಅಂಕಿಗಳು. ಲೆಕ್ಕಕ್ಕೆ ಸಿಗದವು ಎಷ್ಟು ಸಾವಿರವೋ.

ಕುಂದರನ್ ಬೌಲಿಂಗ್, ಸದಾನಂದ ಸ್ಟಂಪಿಂಗ್

ಕಿರ್ಮಾನಿಗಿಂತ ಮೊದಲು ಕರಾವಳಿಯ ಮೂಲ್ಕಿಯಲ್ಲಿ ಹುಟ್ಟಿದ ಬುಧಿ ಕುಂದರನ್ ಭಾರತಕ್ಕೆ ಕೀಪಿಂಗ್ ಮಾಡಿದ್ದರು. 1964ರ ಜನವರಿಯಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡ್ ವಿರುದ್ಧ 192 ರನ್ ಹೊಡೆದ ಧೀರ. ಅವರದೊಂದು ತಮಾಷೆಯ ಪ್ರಸಂಗವಿದೆ. 1967ರಲ್ಲಿ ಬರ್ಮಿಂಗ್‌ಹ್ಯಾಂ ಟೆಸ್ಟಿಗೆ ಭಾರತದ ವೇಗದ ಬೌಲರ್‌ಗಳು ಗಾಯಗೊಂಡಿದ್ದರು. ಬೇಡಿ, ಪ್ರಸನ್ನ, ಚಂದ್ರಶೇಖರ್, ವೆಂಕಟರಾಘವನ್ ನಾಲ್ವರೂ ಸ್ಪಿನ್ನರ್‌ಗಳು ಒಟ್ಟಿಗೆ ಆಡಿದ ಏಕೈಕ ಟೆಸ್ಟ್ ಅದು. ಹೊಸ ಚೆಂಡು ಎಸೆಯುವವರೇ ಇಲ್ಲ. ಕೀಪಿಂಗ್‌ಗೆ ಇಂಜಿನಿಯರ್ ಇದ್ದುದರಿಂದ ಕುಂದರನ್ ಕೈ ಖಾಲಿ ಇತ್ತು. ಮೈಸೂರು ತಂಡದ ವಿ. ಸುಬ್ರಹ್ಮಣ್ಯ ಅವರೊಂದಿಗೆ ಬೌಲಿಂಗ್ ಆರಂಭಿಸಿದವರು ಈ ಕೀಪರ್! ಯಾವ ಬಗೆಯ ಬೌಲಿಂಗ್ ಮಾಡುತ್ತೀಯ ಎಂದು ನಾಯಕ ಪಟೌಡಿ ಕೇಳಿದಾಗ, ತನಗೂ ಗೊತ್ತಿಲ್ಲ ಎಂಬರ್ಥದ ಉತ್ತರ ಬಂತಂತೆ. ನಕ್ಕು ಬಿಡುವ ಕಥೆಯೇ ಸರಿ, ಆದರೆ ಆ ಟೆಸ್ಟನ್ನು ಭಾರತ ಸೋತಿತು. ಪರಿಣತರಿಲ್ಲದ ಜಾಗಕ್ಕೆ ಯಾರನ್ನೋ ನಿಲ್ಲಿಸಿದರೆ ಜಾಗ ತುಂಬುತ್ತದೆ, ಕೆಲಸ ಆಗುವುದಿಲ್ಲ.

ಕಿರ್ಮಾನಿಯ ನಂತರ ಬಂದವರು ಬೆಂಗಳೂರಿನ ಸದಾನಂದ ವಿಶ್ವನಾಥ್. ಟೆಸ್ಟ್ ಆಡಿದ್ದು ಮೂರೇ ಮೂರು. ಆದರೆ 1985ರ ಆರಂಭದಲ್ಲಿ ಆಸ್ಟ್ರೇಲಿಯಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ ನೋಡಿದವರು ಅವರನ್ನು ಮರೆಯಲಾರರು. ಮಾರ್ಚ್ 10ರ ಫೈನಲ್‌ನಲ್ಲಿ ಪಾಕಿಸ್ತಾನದ ಜಾವೇದ್ ಮಿಯಾಂದಾದ್ 48 ರನ್ನಿಗೆ ಬೇರೂರಿದ್ದರು. ಶಿವರಾಮಕೃಷ್ಣನ್ ಎಸೆದ ಚೆಂಡಿಗೆ ಅವರು ಮುಂದೆ ಬಂದರು, ಹಿಂದೆ ಬೇಲ್ಸ್ ಹಾರಿತು. ಸ್ಟಂಪಿಗೆ ಅಂಟಿ ನಿಂತ ಕೀಪರ್ ಇಲ್ಲದಿದ್ದರೆ ಅದು ಬರೀ ‘ಅಯ್ಯೋ, ತಪ್ಪಿತಲ್ಲ’ ಎನ್ನುವ ಚೆಂಡಾಗುತ್ತಿತ್ತು. ಭಾರತ ಕಪ್ ಗೆದ್ದಿತು.

ಹಾಗಾದರೆ ದ್ರಾವಿಡ್, ರಾಹುಲ್?

ಇಷ್ಟು ಓದಿದ ಮೇಲೆ ಮನೆಯ ಹುಡುಗರು ಸುಮ್ಮನಿರುವುದಿಲ್ಲ. ‘ಅಜ್ಜಾ, 2003ರ ವಿಶ್ವಕಪ್ಪಿನಲ್ಲಿ ಕೀಪಿಂಗ್ ಮಾಡಿದ್ದು ರಾಹುಲ್ ದ್ರಾವಿಡ್ ಅಲ್ವಾ? ಅವರು ಬ್ಯಾಟರ್ ತಾನೇ?’ ಎನ್ನುತ್ತಾರೆ. ಒಳ್ಳೆಯ ಪ್ರಶ್ನೆ. ಆ ವಿಶ್ವಕಪ್ಪಿನಲ್ಲಿ ದ್ರಾವಿಡ್ ಕೀಪರ್ ಆಗಿ 16 ಜನರನ್ನು ಔಟ್ ಮಾಡಿದರು. ಒಂದೇ ವಿಶ್ವಕಪ್ಪಿನಲ್ಲಿ ಭಾರತೀಯ ಕೀಪರ್ ಒಬ್ಬರ ದಾಖಲೆಯಾಗಿ ಅದು ಇಪ್ಪತ್ತು ವರ್ಷ ಉಳಿಯಿತು. 2023ರಲ್ಲಿ 17 ಜನರನ್ನು ಔಟ್ ಮಾಡಿ ಅದನ್ನು ಮುರಿದವರು ಇನ್ನೊಬ್ಬ ಕನ್ನಡಿಗ, ಕೆ.ಎಲ್. ರಾಹುಲ್. ಅವರೂ ಮೂಲತಃ ಬ್ಯಾಟರೇ. ಎರಡು ಸಲವೂ ಭಾರತ ಫೈನಲ್ ತಲುಪಿತು.

ಹಾಗಾದರೆ ಪರಿಣತ ಕೀಪರ್ ಬೇಡವೇ? ಆತುರದ ತೀರ್ಮಾನ ಬೇಡ. ಒಂದನೆಯದು, ಇವರಿಬ್ಬರೂ ‘ಯಾರೋ ಒಬ್ಬರು’ ಅಲ್ಲ. ದ್ರಾವಿಡ್ ಹುಡುಗರ ಕ್ರಿಕೆಟ್ಟಿನಲ್ಲೇ ಕೀಪಿಂಗ್ ಮಾಡಿದವರು. ಎರಡನೆಯದು, ಏಕದಿನ ಪಂದ್ಯ 50 ಓವರಿನದು. ಒಬ್ಬ ಬ್ಯಾಟರ್ ಹೆಚ್ಚಿಗೆ ಸಿಕ್ಕರೆ ಆಗುವ ಲಾಭ, ಒಂದೆರಡು ಚೆಂಡು ಬಿಟ್ಟರೆ ಆಗುವ ನಷ್ಟಕ್ಕಿಂತ ದೊಡ್ಡದಿರಬಹುದು. ಟೆಸ್ಟ್ ಪಂದ್ಯದಲ್ಲಿ ಲೆಕ್ಕ ತಿರುಗುತ್ತದೆ. ತಿರುಗುವ ಅಂಗಳದಲ್ಲಿ ಕೈಬಿಟ್ಟ ಒಂದು ಸ್ಟಂಪಿಂಗ್ ಎಂದರೆ ಎದುರಾಳಿಗೆ ಇನ್ನೊಂದು ಶತಕ. ಅದಕ್ಕೇ ದ್ರಾವಿಡ್ ಏಕದಿನದಲ್ಲಿ 73 ಪಂದ್ಯ ಕೀಪಿಂಗ್ ಮಾಡಿದರೂ ಟೆಸ್ಟಿನಲ್ಲಿ ಆ ಕೆಲಸ ಪೂರ್ಣಾವಧಿ ಕೀಪರ್‌ಗಳ ಕೈಯಲ್ಲೇ ಉಳಿಯಿತು.

ಕ್ಯಾಶ್ ಕೌಂಟರಿನ ಲೆಕ್ಕ

ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಆಟವನ್ನೂ ಜಮಾ–ಖರ್ಚಿನ ಕಣ್ಣಿನಿಂದ ನೋಡುವುದು ನನ್ನ ಅಭ್ಯಾಸ. ಕ್ಯಾಶ್ ಕೌಂಟರಿನಲ್ಲಿ ಕೂತವನ ಕೆಲಸ ಲಾಂಗ್ ಸ್ನ್ಯಾಪರ್‌ನದ್ದೇ. ದಿನಕ್ಕೆ ನೂರಾರು ಜನರ ನೋಟು ಎಣಿಸಿ, ಸಂಜೆ ಲೆಕ್ಕ ಪೈಸೆಗೆ ಪೈಸೆ ತಾಳೆಯಾದರೆ ಮೇಲಿನವರು ಬಂದು ಬೆನ್ನು ತಟ್ಟುವುದಿಲ್ಲ. ತಾಳೆಯಾಗಬೇಕಾದದ್ದೇ, ಆಯಿತು, ಅಷ್ಟೆ. ನೂರು ರೂಪಾಯಿ ವ್ಯತ್ಯಾಸ ಬಂದ ದಿನ ಮಾತ್ರ ಇಡೀ ಶಾಖೆಯೇ ಆ ಕೌಂಟರಿನ ಸುತ್ತ ನಿಲ್ಲುತ್ತದೆ.

ಇಂಥ ಕೆಲಸದ ಬೆಲೆಯನ್ನು ಅಳೆಯಲು ‘ಇವನು ಎಷ್ಟು ಗಳಿಸಿಕೊಟ್ಟ?’ ಎಂದು ಕೇಳಬಾರದು. ‘ಇವನಿಲ್ಲದಿದ್ದರೆ ಏನು ಹೋಗುತ್ತಿತ್ತು?’ ಎಂದು ಕೇಳಬೇಕು. ಎಷ್ಟು ಸಲ ಕೆಲಸ ಬರುತ್ತದೆ ಎಂಬುದು ಒಂದು ಅಂಕಿ. ತಪ್ಪಿದರೆ ಆಗುವ ನಷ್ಟ ಇನ್ನೊಂದು ಅಂಕಿ. ಜಂಕಿನ್‌ಗೆ ಬಂದ ಕೆಲಸ ಆ ಕೊನೆಯ ಗಳಿಗೆಯಲ್ಲಿ ಒಂದೇ ಒಂದು, ಅದರ ಮೇಲೆ ನಿಂತದ್ದು ಇಡೀ ವರ್ಷದ ಆಟ. ಮನೆಗೆ ವಿಮೆ ಮಾಡಿಸಿದವರು ವರ್ಷದ ಕೊನೆಗೆ ‘ಬೆಂಕಿ ಬೀಳಲಿಲ್ಲವಲ್ಲ, ದುಡ್ಡು ದಂಡವಾಯಿತು’ ಎನ್ನುವುದಿಲ್ಲ. ಪರಿಣತ ಕೀಪರನ ಜಾಗವೂ ಒಂದು ಬಗೆಯ ವಿಮೆಯ ಕಂತು.

ನಮ್ಮ ಸುತ್ತಲೂ ಇದ್ದಾರೆ

ಶಿರಸಿ, ಸಿದ್ದಾಪುರ, ಯಲ್ಲಾಪುರದವರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ. ಅಡಿಕೆ ಕೊಯ್ಲಿನ ದಿನ ತೋಟಕ್ಕೆ ಹೋಗಿ ನೋಡಿ. ಮರದ ತುದಿಯಲ್ಲಿ ಕೊನೆಗೌಡ ಕೊನೆ ಕೊಯ್ದು ಹಗ್ಗದಲ್ಲಿ ಜಾರಿಸುತ್ತಾನೆ. ಎಲ್ಲರ ಕಣ್ಣೂ ಅವನ ಮೇಲೆ, ಅದು ನ್ಯಾಯವೇ. ಕೆಳಗೆ ಹಗ್ಗ ಹಿಡಿದು ನಿಂತವನೊಬ್ಬನಿದ್ದಾನಲ್ಲ, ಅವನು ಹಗ್ಗವನ್ನು ಸರಿಯಾದ ಓರೆಯಲ್ಲಿ ಬಿಗಿಹಿಡಿದು, ಇಳಿದ ಕೊನೆಯನ್ನು ಹದವಾಗಿ ತಡೆಯದಿದ್ದರೆ ಅಡಿಕೆಯೆಲ್ಲ ಉದುರಿ ತೋಟದ ಕಸದಲ್ಲಿ ಹೆಕ್ಕಬೇಕು. ಮೇಲಿನವನಿಗೂ ಕೆಳಗಿನವನಿಗೂ ಮಾತಿಲ್ಲದ ಒಪ್ಪಂದವೊಂದು ಇರುತ್ತದೆ.

ಯಕ್ಷಗಾನದ ರಂಗದಲ್ಲಿ ಹಿಂದೆಲ್ಲ ಶ್ರುತಿಪೆಟ್ಟಿಗೆ ಒತ್ತಲು ಒಬ್ಬನಿರುತ್ತಿದ್ದ. ಬೆಳಗಿನ ಜಾವದವರೆಗೆ ಒಂದೇ ಸಮನೆ ಒತ್ತುತ್ತಿದ್ದ. ಕರಪತ್ರದಲ್ಲಿ ಭಾಗವತರ ಹೆಸರು, ಮದ್ದಳೆ–ಚಂಡೆಯವರ ಹೆಸರು, ವೇಷಧಾರಿಗಳ ಹೆಸರು ದಪ್ಪ ಅಕ್ಷರದಲ್ಲಿ. ಶ್ರುತಿಯವನ ಹೆಸರು ಹುಡುಕಿದರೂ ಇಲ್ಲ. ಅವನು ತೂಕಡಿಸಿ ಶ್ರುತಿ ನಿಂತ ಗಳಿಗೆಯಲ್ಲಿ ಮಾತ್ರ ಇಡೀ ಸಭೆ ಅವನ ಕಡೆ ತಿರುಗುತ್ತಿತ್ತು. ಎಲ್ಲರೂ ಪಲ್ಲಕ್ಕಿ ಏರಿದರೆ ಹೊರುವವರು ಯಾರು?

ಮನೆಯವರಿಗೆ, ಮಕ್ಕಳಿಗೆ

ಸಂಜೆ ಹೊತ್ತು ಮಕ್ಕಳು ಕ್ರಿಕೆಟ್ ಆಡುವ ಯಾವ ಬಯಲಿಗೆ ಹೋದರೂ ಒಂದೇ ದೃಶ್ಯ. ಆಟ ಶುರುವಾಗುವಾಗ ‘ನಾನು ಬ್ಯಾಟಿಂಗ್’, ‘ನಾನು ಬೌಲಿಂಗ್’ ಎಂದು ಕೂಗಾಟ. ಕೀಪಿಂಗ್ ಮಾತ್ರ ಯಾರಿಗೂ ಬೇಡ. ಎಲ್ಲರಿಗಿಂತ ಸಣ್ಣವನನ್ನೋ, ಓಡಲಾರದವನನ್ನೋ ಹಿಡಿದು ಹಿಂದೆ ನಿಲ್ಲಿಸುತ್ತಾರೆ. ಚೆಂಡು ಬಿಟ್ಟರೆ ಬೈಗುಳವೂ ಅವನಿಗೇ, ಪೊದೆಗೆ ಹೋದ ಚೆಂಡು ತರುವ ಕೆಲಸವೂ ಅವನಿಗೇ. ಎಲ್ಲೋ ಒಬ್ಬ ಮಾಣಿ ತಾನಾಗಿಯೇ ಇಷ್ಟಪಟ್ಟು ಗ್ಲೌಸ್ ತೊಟ್ಟರೆ ಮನೆಯವರು ಕೇಳುವ ಮೊದಲ ಪ್ರಶ್ನೆ, ‘ಇವತ್ತು ಎಷ್ಟು ರನ್ ಹೊಡೆದೆ ತಮ್ಮಾ?’ ಅವನು ಮುಖ ಸಣ್ಣ ಮಾಡಿಕೊಂಡು ಒಳಗೆ ಹೋಗುತ್ತಾನೆ. ಹತ್ತು ದಿನ ಇದೇ ಪ್ರಶ್ನೆ ಕೇಳಿದರೆ ಹನ್ನೊಂದನೇ ದಿನ ಗ್ಲೌಸ್ ಮೂಲೆ ಸೇರುತ್ತದೆ. ಹಾಗೆ ಮೂಲೆ ಸೇರಿದ ಗ್ಲೌಸ್‌ಗಳಲ್ಲಿ ಒಬ್ಬ ಕಿರ್ಮಾನಿ ಇದ್ದನೋ ಏನೋ, ಯಾರು ಬಲ್ಲರು?

ಆದ್ದರಿಂದ ಅಪ್ಪ–ಅಮ್ಮಂದಿರಲ್ಲಿ ಒಂದು ವಿನಂತಿ. ಮಗು ಒಂದೇ ಒಂದು ಕೆಲಸವನ್ನು ಮನಸ್ಸಿಟ್ಟು ಅಚ್ಚುಕಟ್ಟಾಗಿ ಮಾಡುತ್ತಿದ್ದರೆ, ಆ ಕೆಲಸಕ್ಕೆ ಚಪ್ಪಾಳೆ ಕಡಿಮೆ ಎಂಬ ಕಾರಣಕ್ಕೆ ಅದನ್ನು ಬಿಡಿಸಬೇಡಿ. ‘ಎಷ್ಟು ರನ್?’ ಎನ್ನುವ ಬದಲು ‘ಎಷ್ಟು ಚೆಂಡು ಹಿಡಿದೆ?’ ಎಂದು ಕೇಳಿ ನೋಡಿ. ಅದರ ಮುಖ ಅರಳುವುದನ್ನು ನೀವೇ ಕಾಣುತ್ತೀರಿ.

ಮಕ್ಕಳೇ, ನಿಮಗೊಂದು ಅಭ್ಯಾಸ ಹೇಳುತ್ತೇನೆ. ಟೆನಿಸ್ ಚೆಂಡೊಂದನ್ನು ತೆಗೆದುಕೊಳ್ಳಿ. ಗೋಡೆಯಿಂದ ನಾಲ್ಕೈದು ಹೆಜ್ಜೆ ದೂರ ಕುಕ್ಕರುಗಾಲಿನಲ್ಲಿ ಕೂತು, ಚೆಂಡನ್ನು ಗೋಡೆಗೆ ಎಸೆದು, ಅದು ಒಂದು ಸಲ ನೆಲಕ್ಕೆ ಪುಟಿದ ಮೇಲೆ ಎರಡೂ ಕೈಯಿಂದ ಹಿಡಿಯಿರಿ. ಚೆಂಡಿನ ಜೊತೆಗೇ ಏಳಿ, ಅದಕ್ಕಿಂತ ಮೊದಲು ಬೇಡ. 60 ಚೆಂಡು, ಅಂದರೆ 10 ಓವರ್. ಹಿಡಿದದ್ದು ಎಷ್ಟು, ಬಿಟ್ಟದ್ದು ಎಷ್ಟು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಹಿಡಿದದ್ದರ ಕಾಲಂ ಮೊದಲು ಇರಲಿ! ಗಟ್ಟಿ ಚೆಂಡಿನಲ್ಲಿ ಕೀಪಿಂಗ್ ಮಾಡುವುದಾದರೆ ಗ್ಲೌಸ್, ಪ್ಯಾಡ್ ಜೊತೆಗೆ ಹೆಲ್ಮೆಟ್ ಕಡ್ಡಾಯ. ದಕ್ಷಿಣ ಆಫ್ರಿಕಾದ ಮಾರ್ಕ್ ಬೌಚರ್ ಅಂಥ ಮಹಾನ್ ಕೀಪರ್ 2012ರಲ್ಲಿ ಹೆಲ್ಮೆಟ್ ಇಲ್ಲದೆ ಸ್ಟಂಪಿನ ಹತ್ತಿರ ನಿಂತಿದ್ದಾಗ ಹಾರಿದ ಬೇಲ್ ಕಣ್ಣಿಗೆ ಬಡಿದು ಆಟವನ್ನೇ ಬಿಡಬೇಕಾಯಿತು.

ಮುಂದಿನ ಸಲ ಟಿ.ವಿ.ಯಲ್ಲಿ ಪಂದ್ಯ ನೋಡುವಾಗ ಒಂದು ಓವರ್ ಬ್ಯಾಟರನ್ನೂ ಬೌಲರನ್ನೂ ಬಿಟ್ಟು ಕೀಪರನನ್ನು ಮಾತ್ರ ನೋಡಿ. ಆರು ಚೆಂಡು, ಆರು ಸಲ ಕೂತು ಎದ್ದದ್ದು, ಆರು ಸಲ ಒಡ್ಡಿದ ಕೈ. ಏನೂ ನಡೆಯಲಿಲ್ಲ ಎಂದು ನಿಮಗೆ ಅನ್ನಿಸಿದರೆ, ಅವನು ಆ ಓವರಿನಲ್ಲಿ ತನ್ನ ಕೆಲಸವನ್ನು ಸರಿಯಾಗಿ ಮಾಡಿದ್ದಾನೆ ಎಂದೇ ಲೆಕ್ಕ.